ವಿಶ್ವಕಪ್ ನೋಡೋಕೆ ಯಾವ ಊರಿಗೆ ಹೋಗ್ತೀರಿ, ಸ್ವಾಮಿ?

ವಿಶ್ವಕಪ್ ಫುಟ್‌ಬಾಲ್ ಟಿಕೆಟ್ ಮತ್ತೆ ದುಬಾರಿಯಾದ ಸುದ್ದಿಯನ್ನು ನೀವೂ ಓದಿರುತ್ತೀರಿ. ನನಗಂತೂ ಟೂರ್ನಿ ನಡೆಸುವ ಫಿಫಾದವರ ಮೇಲೆ ಗೌರವ ಜಾಸ್ತಿ ಆಯಿತು. 2018ರಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಸೇರಿ 2026ರ ಟೂರ್ನಿ ನಮಗೆ ಕೊಡಿ ಅಂತ ಕೇಳಿಕೊಂಡಾಗ, ಅತಿ ಅಗ್ಗದ ಟಿಕೆಟ್ 21 ಡಾಲರ್ ಅಂತ ಬರೆದುಕೊಟ್ಟಿದ್ದವು. ಮಾರಾಟ ಶುರುವಾದಾಗ ಅದು 60 ಆಗಿತ್ತು. ಫೈನಲ್‌ನ ಒಳ್ಳೆಯ ಸೀಟಿಗೆ ಮೊದಲು ಇಟ್ಟ ಬೆಲೆಯೇ 6,730 ಡಾಲರ್. ಹತ್ತಿರ ಹತ್ತಿರ 6 ಲಕ್ಷ ರೂಪಾಯಿ. ಆಮೇಲೆ ಅದೂ ಏರಿತು. ಬೇಡಿಕೆ ಏರಿದ ಹಾಗೆ ಬೆಲೆಯೂ ಏರಬೇಕಂತೆ. ನಮ್ಮ ಸಂಬಳಕ್ಕೆ ಈ ಗುಣ ಯಾವಾಗ ಬರುತ್ತದೋ.

ಕೊಂಡ ಟಿಕೆಟ್ ಬೇಡವಾದರೆ ಫಿಫಾದ ಸೈಟ್‌ನಲ್ಲೇ ಮಾರಬಹುದು. ಮಾರುವವನಿಂದ ಶೇ 15, ಕೊಳ್ಳುವವನಿಂದ ಶೇ 15, ಎರಡೂ ಫಿಫಾಗೆ. ಅಮೆರಿಕದ ಪಂದ್ಯಗಳಿಗೆ ಎಷ್ಟು ರೇಟ್ ಬೇಕಾದರೂ ಹೇಳಿ, ಕೇಳುವವರಿಲ್ಲ. ಕಾಳಸಂತೆಯನ್ನು ತಡೆಯೋದು ಹೇಗೆ ಅಂತ ಲೋಕವೆಲ್ಲ ತಲೆ ಕೆರೆದುಕೊಳ್ಳುತ್ತಿರುವಾಗ ಇವರು ಅದಕ್ಕೊಂದು ಕೌಂಟರ್ ತೆರೆದು ರಸೀದಿ ಕೊಟ್ಟುಬಿಟ್ಟರು. ಅಂದ ಹಾಗೆ ಫಿಫಾ ಲಾಭಕ್ಕಾಗಿ ನಡೆಯುವ ಸಂಸ್ಥೆ ಅಲ್ಲ. ಕಾಗದದಲ್ಲಿ ಹಾಗೇ ಇದೆ.

ಇರಲಿ, ಟಿಕೆಟ್ ಸಿಕ್ಕಿತು ಅಂದುಕೊಳ್ಳಿ. ಯಾವ ಊರಿಗೆ ಹೋಗ್ತೀರಿ? ಸ್ಯಾನ್ ಫ್ರಾನ್ಸಿಸ್ಕೋ ಚೆಂದದ ಊರು, ಕೆಂಪು ಸೇತುವೆ, ಟ್ರಾಮು, ಸಮುದ್ರ. ನಾನೂ ಅಲ್ಲೇ ರೂಮು ಹುಡುಕುತ್ತಿದ್ದೆ. ಸನ್ನಿವೇಲ್‌ನಲ್ಲಿರುವ ಸೋದರಮಾವನ ಮಗ ಫೋನಿನಲ್ಲಿ ನಕ್ಕ. ‘ಭಾವ, ಆ ಸ್ಟೇಡಿಯಂ ಇರೋದು ಸಾಂಟಾ ಕ್ಲಾರಾದಲ್ಲಿ. ನಮ್ಮ ಆಫೀಸಿನ ಹತ್ತಿರ. ನೀವು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಉಳಿದು ಏನ್ ಮಾಡ್ತೀರಿ?’

ತುಮಕೂರಲ್ಲಿ ಆಟ ಇಟ್ಟು ‘ಬೆಂಗಳೂರು ಪಂದ್ಯ’ ಅಂತ ಟಿಕೆಟ್ ಮಾರಿದ ಹಾಗೆ. ದೂರವೂ ಹೆಚ್ಚುಕಮ್ಮಿ ಅಷ್ಟೇ. ಸಾಂಟಾ ಕ್ಲಾರಾ, ಸನ್ನಿವೇಲ್ ಕಡೆ ಕನ್ನಡದವರಿಗೇನೂ ಕಮ್ಮಿ ಇಲ್ಲ. ತಾವು ಇಷ್ಟು ವರ್ಷ ಇಎಂಐ ಕಟ್ಟುತ್ತಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂತ ಅವರಿಗೆ ಈಗ ಗೊತ್ತಾಗಿರಬೇಕು. ಸ್ಟೇಡಿಯಂಗೆ ಲೀವೈಸ್ ಪ್ಯಾಂಟಿನ ಕಂಪನಿಯ ಹೆಸರಿದೆ. ಆದರೆ ಆ ಕಂಪನಿ ಫಿಫಾಗೆ ದುಡ್ಡು ಕೊಟ್ಟಿಲ್ಲ. ಹಾಗಾಗಿ ಟೂರ್ನಿ ಮುಗಿಯುವ ತನಕ ಅದು ‘ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾ ಸ್ಟೇಡಿಯಂ’. ಸಾಂಟಾ ಕ್ಲಾರಾ ಏನು ಪಾಪ ಮಾಡಿತ್ತು? ರಸ್ತೆ ಅದರದು, ಟ್ರಾಫಿಕ್ ಜಾಮ್ ಅದರದು, ಹೆಸರು ಮಾತ್ರ ಪಕ್ಕದ ಊರಿನದು. ಇಷ್ಟಾಗಿ ಅಲ್ಲಿ ನೋಡಲು ಸಿಗುವುದೇನು? ಕತಾರ್–ಸ್ವಿಟ್ಜರ್ಲೆಂಡ್. ಇಲ್ಲವೇ ಆಸ್ಟ್ರಿಯಾ–ಜೋರ್ಡಾನ್.

ಬಾಸ್ಟನ್ ಪಂದ್ಯ ಫಾಕ್ಸ್‌ಬರೋದಲ್ಲಿ, ಬಾಸ್ಟನ್‌ನಿಂದ ರಸ್ತೆಯಲ್ಲಿ ಸುಮಾರು 45 ಕಿಲೋಮೀಟರ್ ದೂರ. ನ್ಯೂಯಾರ್ಕ್ ಫೈನಲ್ ಇರೋದು ನ್ಯೂಯಾರ್ಕ್ ರಾಜ್ಯದಲ್ಲೇ ಅಲ್ಲ, ನದಿ ದಾಟಿ ನ್ಯೂಜೆರ್ಸಿಯಲ್ಲಿ. ಡಲ್ಲಾಸ್‌ನದ್ದು ಅರ್ಲಿಂಗ್ಟನ್‌ನಲ್ಲಿ. 16 ಆತಿಥೇಯ ಊರುಗಳಲ್ಲಿ ಅತಿ ಹೆಚ್ಚು ಪಂದ್ಯ, ಒಂಬತ್ತು, ಸಿಕ್ಕಿರೋದು ಈ ಅರ್ಲಿಂಗ್ಟನ್‌ಗೆ. ಸುಮಾರು 4 ಲಕ್ಷ ಜನರ ಊರು, ನಿಗದಿತ ಮಾರ್ಗದ ಸಿಟಿ ಬಸ್ ಒಂದೂ ಇಲ್ಲ. ಎಂಥ ಆಯ್ಕೆ ನೋಡಿ!

2018ರಲ್ಲಿ ರಷ್ಯಾದವರು ಟಿಕೆಟ್ ಇದ್ದವರಿಗೆ ಫ್ಯಾನ್ ಐಡಿ ಕೊಟ್ಟು, ವೀಸಾ ಇಲ್ಲದೆ ಒಳಗೆ ಬಿಟ್ಟು, ಊರಿಂದೂರಿಗೆ ರೈಲನ್ನೂ ಪುಕ್ಕಟೆ ಮಾಡಿದ್ದರು. 2022ರಲ್ಲಿ ಕತಾರ್‌ನಲ್ಲಿ ಎಂಟೂ ಸ್ಟೇಡಿಯಂ ದೋಹಾದ ಸುತ್ತಮುತ್ತ, ಮೆಟ್ರೋ ಪುಕ್ಕಟೆ. ಅವನ್ನು ಕಟ್ಟಿದ ಕೂಲಿಯವರ ಕಥೆ ಬೇರೆ, ಅದನ್ನು ಮರೆತು ಹೊಗಳುತ್ತಿಲ್ಲ. ಆದರೆ ನೋಡಲು ಬಂದವನು ನೆಂಟ ಅನ್ನೋ ಭಾವನೆ ಆ ಎರಡು ಕಡೆಯೂ ಇತ್ತು. ಈ ಸಲ ವ್ಯಾಂಕೂವರ್‌ನಿಂದ ಮಯಾಮಿಗೆ 4,000 ಕಿಲೋಮೀಟರ್‌ಗೂ ಜಾಸ್ತಿ, ವಿಮಾನದ ಖರ್ಚು ನಿಮ್ಮದು.

ಮೊದಲು ಅಮೆರಿಕದ ವೀಸಾ ಸಿಗಬೇಕಲ್ಲ. ಟಿಕೆಟ್ ಕೊಂಡವರಿಗೆ ‘ಫಿಫಾ ಪಾಸ್’ ಅಂತ ಒಂದು ವ್ಯವಸ್ಥೆ ಮಾಡಿದ್ದಾರೆ. ವೀಸಾ ಸಂದರ್ಶನಕ್ಕೆ ಬೇಗ ದಿನ ಸಿಗುತ್ತದೆ. ವೀಸಾ ಸಿಗುತ್ತದೆ ಅಂತ ಅರ್ಥವಲ್ಲ. ಲಕ್ಷಗಟ್ಟಲೆ ಸುರಿದು ಟಿಕೆಟ್ ಕೊಳ್ಳಿ, ಫೈಲು ಹಿಡಿದು ಚೆನ್ನೈಗೋ ಹೈದರಾಬಾದಿಗೋ ಹೋಗಿ, ಕಿಟಕಿ ಮುಂದೆ ನಿಂತು ಬೇಗ ಬೇಗ ‘ಇಲ್ಲ’ ಅನ್ನಿಸಿಕೊಂಡು ಬನ್ನಿ. ಅರ್ಜಿಗೆ ಕಟ್ಟಿದ 185 ಡಾಲರ್ ವಾಪಸ್ ಬರಲ್ಲ.

ನಮ್ಮದಾದರೂ ತಮಾಷೆ. ಹೈಟಿಯದ್ದು ನೋಡಿ. 1974ರ ನಂತರ ಮೊದಲ ಸಲ ವಿಶ್ವಕಪ್‌ಗೆ ಬಂದಿದೆ. ದೇಶದಲ್ಲಿ ಗ್ಯಾಂಗುಗಳ ಹಾವಳಿ, ತವರಿನ ಪಂದ್ಯಗಳನ್ನೂ ಕುರಸಾವ್ ದ್ವೀಪದಲ್ಲಿ ಆಡಿ ಅರ್ಹತೆ ಗಳಿಸಿದರು. ಆಟಗಾರರು ಬರಬಹುದು, ಅಭಿಮಾನಿಗಳಿಗೆ ಅಮೆರಿಕದ ವೀಸಾ ಇಲ್ಲ, ಇರಾನಿನವರಿಗೂ ಇಲ್ಲ. 2025ರ ಡಿಸೆಂಬರ್ 5ರಂದು ಫಿಫಾ ಟ್ರಂಪ್ ಕೊರಳಿಗೆ ಶಾಂತಿ ಪ್ರಶಸ್ತಿಯ ಪದಕ ಹಾಕಿಸಿತು. ಅದೇ ತಿಂಗಳು ಸೆನೆಗಲ್, ಐವರಿ ಕೋಸ್ಟ್ ದೇಶಗಳೂ ಅಮೆರಿಕದ ವೀಸಾ ನಿರ್ಬಂಧದ ಪಟ್ಟಿಗೆ ಸೇರಿದವು. ಎರಡೂ ಈ ಟೂರ್ನಿಯಲ್ಲಿ ಆಡುವ ತಂಡಗಳೇ. ಇದಕ್ಕೆ ಏನು ವಿಡಂಬನೆ ಬರೆಯೋದು? ಸಾಕಾಗಿದೆ. ಬಡ ದೇಶದವನ ಆಟ ಬೇಕು, ಆಟಗಾರ ಬೇಕು, ಟೀವಿ ಹಕ್ಕಿನ ದುಡ್ಡು ಬೇಕು, ಅವನ ಅಣ್ಣತಮ್ಮಂದಿರು ಮಾತ್ರ ಬರಬಾರದು. ನಾಚಿಕೆ ಅನ್ನೋದು ಬೇಡವಾ?

ನಿನ್ನೆ ಸನ್ನಿವೇಲ್‌ನಿಂದ ಮತ್ತೆ ಫೋನ್. ‘ಭಾವ, ಜೂನ್‌ನಲ್ಲಿ ನಾವೇ ಊರಿಗೆ ಬರ್ತಾ ಇದೀವಿ. ಮನೆಯನ್ನ ಮ್ಯಾಚ್ ನೋಡೋರಿಗೆ ಬಾಡಿಗೆಗೆ ಕೊಡೋಣ ಅಂತ.’

ಹಾಗಾದರೆ ನಾನು ಎಲ್ಲಿ ಉಳಿಯಲಿ ಅಂದೆ.

‘ಅಲ್ಲೇ ಉಳೀರಿ ಭಾವ, ಅದಕ್ಕೇನು! ನಿಮಗೆ ಅಂತ ಸ್ವಲ್ಪ ಕಮ್ಮಿ ಮಾಡ್ತೀನಿ. ಅಡ್ವಾನ್ಸ್ ಮಾತ್ರ ಈಗಲೇ ಹಾಕಿಬಿಡಿ, ರೇಟ್ ಏರ್ತಾ ಇದೆ.’