ನನ್ನ ವಿಡಿಯೋದ ಆಮೆ

ನನ್ನ ಫೋನಿನಲ್ಲಿ 48 ಸೆಕೆಂಡಿನ ಒಂದು ವಿಡಿಯೋ ಇದೆ. ಅದರಲ್ಲಿ ನಾನಿದ್ದೇನೆ, ಸಮುದ್ರವಿದೆ, ಒಂದು ಆಮೆ ಇದೆ. ನಾನು ಆಮೆ ನೋಡಿಲ್ಲ. ಆಮೆಯೂ ನನ್ನನ್ನು ನೋಡಿದ ಹಾಗಿಲ್ಲ, ಯಾಕಂದ್ರೆ ಅದು ಬಂದಾಗ ನಾನಿಲ್ಲ, ನಾನು ಬಂದಾಗ ಅದಿಲ್ಲ. ಆದರೆ ಹಿಂದೆ ಮ್ಯೂಸಿಕ್ ಎಷ್ಟು ಜೋರಾಗಿದೆ ಅಂದ್ರೆ ಇದು ಯಾರ ಗಮನಕ್ಕೂ ಬಂದಿಲ್ಲ. 112 ಲೈಕ್ ಬಿದ್ದಿವೆ.

ಇದೆಲ್ಲ ಶುರುವಾಗಿದ್ದು 2024ರ ಜನವರಿಯಲ್ಲಿ. ಪ್ರಧಾನಿ ಮೋದಿ ಲಕ್ಷದ್ವೀಪಕ್ಕೆ ಹೋಗಿ ಸ್ನಾರ್ಕಲಿಂಗ್ (ಮುಖಕ್ಕೆ ಗಾಜಿನ ಮಾಸ್ಕ್, ಬಾಯಲ್ಲಿ ಉಸಿರಾಡೋ ಕೊಳವೆ ಇಟ್ಟುಕೊಂಡು ತೇಲುತ್ತಾ ನೀರೊಳಗೆ ನೋಡೋದು) ಮಾಡಿದ ಫೋಟೋ ಹಾಕಿದರು. ಮಾಲ್ಡೀವ್ಸ್‌ನ ಮೂವರು ಉಪಮಂತ್ರಿಗಳು ಮೋದಿಯವರನ್ನು ಹೀಯಾಳಿಸಿ ಏನೇನೋ ಬರೆದು ಸಸ್ಪೆಂಡ್ ಆದರು. ಅವರು ಅಲ್ಲಿ ಕುರ್ಚಿ ಬಿಡುವ ಹೊತ್ತಿಗೆ ಇಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಯುದ್ಧ ಘೋಷಣೆಯಾಗಿತ್ತು. ಅದುವರೆಗೆ ನೀರಿನ ಟ್ಯಾಂಕರ್ ಯಾವಾಗ ಬರುತ್ತೆ ಅಂತಷ್ಟೇ ಕೇಳುತ್ತಿದ್ದ ಗ್ರೂಪ್ ಅದು. ಮೂರನೇ ಫ್ಲೋರಿನ ಅಂಕಲ್ ತಮ್ಮ ಮಾಲ್ಡೀವ್ಸ್ ಟ್ರಿಪ್ ಕ್ಯಾನ್ಸಲ್ ಮಾಡಿದ್ದೇನೆ ಅಂತ ಹಾಕಿದರು. ಕೆಳಗೆ 40 ನಮಸ್ಕಾರ, ಹನ್ನೆರಡು ಬಾವುಟ. ಅವರ ಬಳಿ ಪಾಸ್‌ಪೋರ್ಟೇ ಇಲ್ಲ ಅನ್ನೋದು ಅವರ ಮನೆಯವರಿಂದ ಆಮೇಲೆ ಗೊತ್ತಾಯಿತು. ಐದನೇ ಫ್ಲೋರಿನವರು ಮಾತ್ರ ನಿಜವಾಗಿಯೂ ಹೋಗಿ ಬಂದಿದ್ದವರು. ಅವರು ರಾತ್ರೋರಾತ್ರಿ ಡಿಪಿ ಬದಲಿಸಿದರು. ಬಿಳಿ ಮರಳಿನ ಮೇಲೆ ಅಂಗಾತ ಮಲಗಿದ್ದ ಫೋಟೋ ಹೋಗಿ ತಿರುಪತಿ ತಿಮ್ಮಪ್ಪ ಬಂದ. (ಆ ಬಿಳಿ ಮರಳಿನ ಬಹುಪಾಲು ಗಿಳಿಕೊಕ್ಕಿನ ಬಾಯಿ ಇರುವ ಒಂದು ಜಾತಿ ಮೀನು ಹವಳವನ್ನು ಕಡಿದು, ಅರೆದು, ಹಿಂದಿನಿಂದ ಬಿಟ್ಟದ್ದು. ಆ ಮರಳಿಗೆ ಡಾಲರ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಮಲಗಿದ್ದರು. ಈ ವಿಷಯ ನಾನು ಇನ್ನೂ ಅವರಿಗೆ ಹೇಳಿಲ್ಲ.)

ಬಾಯ್ಕಾಟ್ ಆಯ್ತು, ಸರಿ, ಈಗ ಹೋಗೋದೆಲ್ಲಿಗೆ? ಲಕ್ಷದ್ವೀಪಕ್ಕೇ ಅಂತ ತೀರ್ಮಾನವಾಯಿತು. ಎರಡು ದಿನ ಎಲ್ಲರೂ ಲಕ್ಷದ್ವೀಪದ ತಜ್ಞರು. ಮೂರನೇ ದಿನ ಯಾರೋ ಗೂಗಲ್ ಮಾಡಿದರು. 36 ದ್ವೀಪ, ಜನ ಇರೋದು 10ರಲ್ಲಿ, ಎಲ್ಲ ಸೇರಿಸಿ 32 ಚದರ ಕಿಲೋಮೀಟರ್. ವಿಮಾನ ಇಳಿಯೋದು ಅಗತ್ತಿಯಲ್ಲಿ ಮಾತ್ರ. ನಮ್ಮದೇ ದೇಶಕ್ಕೆ ಹೋಗಲು ಪರ್ಮಿಟ್ ಬೇಕು. ಇಷ್ಟನ್ನು ದೇಶಕ್ಕಾಗಿ ಸಹಿಸಲು ಎಲ್ಲರೂ ತಯಾರಿದ್ದರು. ಬಂಗಾರಂ ಅನ್ನೋ ದ್ವೀಪ ಒಂದು ಬಿಟ್ಟು ಉಳಿದ ಕಡೆ ಎಣ್ಣೆ ಸಿಗಲ್ಲ ಅಂತ ಗೊತ್ತಾದ ಮೇಲೆ ಗ್ರೂಪಿನ ಗಂಡಸರಲ್ಲಿ ಒಂದು ದೀರ್ಘ ಮೌನ ಆವರಿಸಿತು. ಆ ಮೌನದ ಮಧ್ಯೆ ನಾನು, ಅಮಿನಿ ಕಡೆಯ ದ್ವೀಪಗಳು 1956ರ ವರೆಗೂ ನಮ್ಮ ಮಂಗಳೂರಿನ ಕಲೆಕ್ಟರ್ ಕೈಕೆಳಗೇ ಇದ್ದವು ಅಂತ ಒಂದು ಮೆಸೇಜ್ ಹಾಕಿದೆ. ಒಬ್ಬರು ಹೆಬ್ಬೆರಳು ಒತ್ತಿದರು. ಇನ್ನೊಬ್ಬರು ಟ್ಯಾಂಕರ್ ಬಂತಾ ಅಂತ ಕೇಳಿದರು.

ಹೀಗೆ ದೇಶಭಕ್ತಿ ಮಾಲ್ಡೀವ್ಸ್‌ನಿಂದ ಲಕ್ಷದ್ವೀಪಕ್ಕೆ, ಲಕ್ಷದ್ವೀಪದಿಂದ ಮುರುಡೇಶ್ವರಕ್ಕೆ ಬಂದು ನಿಂತಿತು. ಅಲ್ಲಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ ನೇತ್ರಾಣಿ ದ್ವೀಪ. ಮೇಲಿನಿಂದ ನೋಡಿದರೆ ಹೃದಯದ ಆಕಾರವಂತೆ. ಪಾಪ, ಅದೇ ದ್ವೀಪಕ್ಕೆ ನೌಕಾಪಡೆಯವರು ಗುಂಡು ಹಾರಿಸಿ ಗುರಿ ಅಭ್ಯಾಸ ಮಾಡುತ್ತಿದ್ದರು. ಗುಂಡು ತಿಂದು ಬದುಕಿದ್ದ ಹವಳಕ್ಕೆ ಈಗ ನಾವು ಬರುವವರಿದ್ದೆವು.

ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಬಸ್ಸು. ಬೆಳಿಗ್ಗೆ ಎಂಟಕ್ಕೆ ಹೋಟೆಲ್. ಚೆಕ್‌ಇನ್ ಮಧ್ಯಾಹ್ನ ಹನ್ನೆರಡಕ್ಕೆ ಅಂದರು. ಮರುದಿನ ಚೆಕ್‌ಔಟ್ ಹತ್ತಕ್ಕೆ. ‘ಎರಡು ದಿನದ ಪ್ಯಾಕೇಜ್’ ಅನ್ನೋದನ್ನು ಬೆರಳಲ್ಲಿ ಎಣಿಸಿದರೆ 22 ಗಂಟೆ. ನಾನು 1500 ರೂಪಾಯಿ ಜಾಸ್ತಿ ಕೊಟ್ಟು ಸೀ ವ್ಯೂ ರೂಮ್ ತಗೊಂಡಿದ್ದೆ. ಕಿಟಕಿ ತೆಗೆದರೆ ಎರಡು ಕರಿ ಸಿಂಟೆಕ್ಸ್ ಟ್ಯಾಂಕ್, ಅವೆರಡರ ನಡುವೆ ಒಂದು ಗೇಣಿನಷ್ಟು ನೀಲಿ. ಅದು ಸಮುದ್ರವೋ ಯಾರೋ ಒಣಗಲು ಹಾಕಿದ ಲುಂಗಿಯೋ ಅಂತ ಸ್ವಲ್ಪ ಹೊತ್ತು ನಿಂತು ನೋಡಿದೆ. ಅಲುಗಾಡುತ್ತಿತ್ತು, ಆದರೆ ಲುಂಗಿಯೂ ಅಲುಗಾಡುತ್ತೆ ಅಲ್ವಾ.

ಬೀಚ್ ಹೋಟೆಲ್‌ಗೆ ಬೀಚ್ ಕಂಡರೆ ಆಗಲ್ಲ ಅನ್ನೋದು ನನಗೆ ಅಲ್ಲೇ ಗೊತ್ತಾಗಿದ್ದು. ಲಿಫ್ಟಿನ ಪಕ್ಕದಲ್ಲಿ ಬೋರ್ಡು: ಮರಳು ಕಾಲಿನಲ್ಲಿ ಒಳಗೆ ಬರಬಾರದು. ಅದರ ಕೆಳಗೆ ಇನ್ನೊಂದು: ಒದ್ದೆ ಬಟ್ಟೆಯಲ್ಲಿ ಲಿಫ್ಟ್ ಹತ್ತಬಾರದು. ರೂಮಿನೊಳಗೆ ಮೂರನೆಯದು: ಹೋಟೆಲಿನ ಟವೆಲ್ ಬೀಚಿಗೆ ಒಯ್ಯಬಾರದು. ಹಾಗಾದ್ರೆ ಸಮುದ್ರಕ್ಕೆ ಹೋಗದೇ ಇರೋದೇ ಮರ್ಯಾದೆ. ನಮ್ಮವರು ಮರ್ಯಾದಸ್ಥರು. 500 ಕಿಲೋಮೀಟರ್ ಬಂದು, ಅಲೆಯಿಂದ 50 ಹೆಜ್ಜೆ ಈಚೆ, ಕ್ಲೋರಿನ್ ವಾಸನೆಯ ಸ್ವಿಮ್ಮಿಂಗ್ ಪೂಲಿನಲ್ಲಿ ಎಮ್ಮೆಗಳ ಹಾಗೆ ಕತ್ತು ಮಾತ್ರ ಮೇಲಿಟ್ಟು ಸಂಜೆಯವರೆಗೆ ನಿಂತಿದ್ದರು. ಸಮುದ್ರದ ಕಡೆಗೆ ಬೆನ್ನು. ಯಾಕಂದ್ರೆ ಸೆಲ್ಫಿಯಲ್ಲಿ ಸಮುದ್ರ ಹಿಂದೆ ಬರಬೇಕು.

ಭಾನುವಾರ ಬೆಳಿಗ್ಗೆ ಬೋಟು. ಹೊಟ್ಟೆ ತುಂಬಾ ತಿನ್ನಬೇಡಿ ಅಂತ ಹಿಂದಿನ ದಿನವೇ ಹೇಳಿದ್ದರು. ಆದರೆ ಬ್ರೇಕ್‌ಫಾಸ್ಟ್ ಕಾಂಪ್ಲಿಮೆಂಟರಿ. ಕಾಂಪ್ಲಿಮೆಂಟರಿ ಅಂದ ಮೇಲೆ ಬಿಟ್ಟು ಬರೋದು ನಮ್ಮ ಜಾಯಮಾನದಲ್ಲೇ ಇಲ್ಲ. ಮೂರನೇ ಫ್ಲೋರಿನ ಅಂಕಲ್ ಇಡ್ಲಿ, ವಡೆ, ಪೂರಿ, ಉಪ್ಪಿಟ್ಟು, ಬ್ರೆಡ್ಡಿಗೆ ಜಾಮ್, ಕೊನೆಗೆ ಅನಾನಸ್ ಕೇಸರಿಬಾತ್ ಮುಗಿಸಿ ದಡಕ್ಕೆ ಬಂದರು. ಅಲ್ಲಿ ಎಲ್ಲರ ಕೈಗೂ ಒಂದು ಇಂಗ್ಲಿಷ್ ಫಾರ್ಮ್ ಕೊಟ್ಟರು. ಆಸ್ತಮಾ ಇದೆಯಾ, ಇಲ್ಲ. ಹೃದಯದ ತೊಂದರೆ, ಇಲ್ಲ. ಬಿಪಿ, ಇಲ್ಲ. ಬಿಪಿ ಮಾತ್ರೆ ಜೇಬಿನಲ್ಲಿಟ್ಟುಕೊಂಡೇ ಅಂಕಲ್ ಎಲ್ಲದಕ್ಕೂ ಇಲ್ಲ ಅಂತ ಟಿಕ್ ಹಾಕಿದರು. ಕೊನೆಯ ಸಾಲಿನಲ್ಲಿ, ಏನಾದರೂ ಆದರೆ ಅದು ನನ್ನದೇ ಹಣೆಬರಹ ಅನ್ನೋ ಅರ್ಥದ್ದೇನೋ ಇತ್ತು. ನಾನು ಓದುತ್ತಿದ್ದದ್ದು ನೋಡಿ ಬೋಟಿನ ಹುಡುಗ ಪೆನ್ನು ಮುಂದೆ ಹಿಡಿದ. “ಎಂತ ಆಗೂದಿಲ್ಲ ಸರ್, ಸುಮ್ನೆ ಸೈನ್ ಹಾಕಿ.”

ಬೋಟು ಹೊರಟಿತು. ಹಿಂದೆ 123 ಅಡಿಯ ಶಿವ ಮೊದಲು ಮನೆಯಷ್ಟಾದ, ಆಮೇಲೆ ಗಣೇಶನ ಹಬ್ಬದ ಮೂರ್ತಿಯಷ್ಟಾದ, ಕೊನೆಗೆ ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸುವಷ್ಟಾದ. ಆ ಹೊತ್ತಿಗೆ ಅಂಕಲ್ ಮುಖ ಬಾಳೆಲೆಯ ಬಣ್ಣಕ್ಕೆ ತಿರುಗಿತ್ತು. ದ್ವೀಪದ ಹತ್ತಿರ ಬೋಟ್ ನಿಂತು ತೊಟ್ಟಿಲಿನ ಹಾಗೆ ತೂಗಲು ಶುರುವಾದ ಕೂಡಲೇ ಅವರು ಬಗ್ಗಿದರು. ಮೊದಲು ಕೇಸರಿಬಾತ್, ಆಮೇಲೆ ಬಂದ ಕ್ರಮದಲ್ಲೇ ಹಿಂದುಹಿಂದಕ್ಕೆ. ಎರಡು ನಿಮಿಷ ಆಗಿರಲಿಲ್ಲ, ನೀರಿನ ಮೇಲೆ ಪಟಪಟ ಸದ್ದು. ಎಲ್ಲಿದ್ದವೋ, ಹಳದಿ ಬೆನ್ನು ಕಪ್ಪು ಪಟ್ಟೆಯ ನೂರಾರು ಮೀನು. “ಮೀನು ಬಂತು ಮೀನು ಬಂತು, ಎಲ್ಲರೂ ಇಳೀರಿ!” ಅಂತ ಹುಡುಗ ಕೂಗಿದ. ಯಾಕೆ ಬಂತು ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಅಲ್ಲೇ ಧುಮುಕಿದರು. ಆ ದಿನದ ಬಹುತೇಕ ರೀಲ್ಸ್‌ಗಳಲ್ಲಿ ಮೀನಿನ ಜೊತೆ ತೇಲುತ್ತಿರೋ ಬಿಳಿ ಚೂರುಗಳನ್ನು ಜನ ಹವಳದ ಪುಡಿ ಅಂದುಕೊಂಡಿದ್ದಾರೆ. ಅದು ಉಪ್ಪಿಟ್ಟು.

ನನ್ನ ಕಥೆ ಬೇರೆ. ನನಗೆ ಮೀಸೆ ಇದೆ. ಮಾಸ್ಕಿನ ರಬ್ಬರು ಚರ್ಮಕ್ಕೆ ಅಂಟಬೇಕು, ಮೀಸೆಯ ಮೇಲೆ ಅಂಟಲ್ಲ. ಸಂದಿಯಿಂದ ನೀರು ಒಳಗೆ ಬಂದು ಮೂಗಿನವರೆಗೆ ಏರುತ್ತೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ, ಇಲ್ಲಿ ಮೀಸೆಯೇ ಜಟ್ಟಿಗೆ ಉಪ್ಪುನೀರು ಕುಡಿಸಿತು. ಹುಡುಗ ವ್ಯಾಸಲೀನ್ ತಂದು ನನ್ನ ಮೀಸೆಗೆ ಹಚ್ಚಿದ, ಮಾಸ್ಕಿನ ಗಾಜಿನ ಒಳಗೆ ಥೂ ಅಂತ ಉಗಿದು ತಿಕ್ಕಿ ನನ್ನ ಮುಖಕ್ಕೇ ಹಾಕಿದ. ಗಾಜು ಮಂಜಾಗಬಾರದು ಅಂತ ಹಾಗೆ ಮಾಡುತ್ತಾರೆ. ಪ್ಯಾಕೇಜಿನಲ್ಲಿ ಇನ್‌ಕ್ಲೂಡೆಡ್.

ಸಿಕ್ಕಿದ್ದು 20 ನಿಮಿಷ. ಅದರಲ್ಲಿ 15 ನಿಮಿಷ ಕ್ಯಾಮೆರಾಕ್ಕೆ. ಹೆಬ್ಬೆರಳು ತೋರಿಸಿ, ಕೈಬೀಸಿ, ಹಾರ್ಟ್ ಮಾಡಿ, ಸ್ವಲ್ಪ ನಗಿ ಸರ್. ಬಾಯಲ್ಲಿ ಕೊಳವೆ ಕಚ್ಚಿಕೊಂಡವನು ಹೇಗೆ ನಗಬೇಕು? ನಕ್ಕೆ. ಇನ್ನೊಂದು ಲೋಟ ಸಮುದ್ರ ಹೊಟ್ಟೆಗೆ ಹೋಯಿತು. ಪಕ್ಕದಲ್ಲಿ ನಮ್ಮ ಸೆಕ್ರೆಟರಿ ಗಾಳಿ ತುಂಬಿದ ರಿಂಗ್ ಹಿಡಿದು, ಮುಖ ನೀರಿಗೆ ಮುಟ್ಟಿಸದೆ, ಆಕಾಶ ನೋಡುತ್ತಾ ಹಾರ್ಟ್ ಮಾಡುತ್ತಿದ್ದರು.

ಕ್ಯಾಮೆರಾ ಅವರ ಕಡೆ ತಿರುಗಿದಾಗ ನಾನು ಮುಖ ಕೆಳಗೆ ಹಾಕಿದೆ. ಒಂದು ಗಿಳಿಬಾಯಿಯ ಮೀನು, ಹಸಿರು, ಅಂಚಿನಲ್ಲಿ ಗುಲಾಬಿ, ಬಂಡೆಗೆ ಬಾಯಿ ಹಚ್ಚಿ ಕೆರೆಯುತ್ತಿತ್ತು. ಕಟ ಕಟ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು, ಪಕ್ಕದಲ್ಲಿ ಕೂತು ಯಾರೋ ಹುರಿಗಡಲೆ ಜಗಿದ ಹಾಗೆ. ಕಡಿಯಿತು, ಸ್ವಲ್ಪ ಮುಂದೆ ಹೋಯಿತು, ಬಾಲದ ಹತ್ತಿರದಿಂದ ಬಿಳಿ ಹೊಗೆಯಂಥ ಮರಳು ಬಿಟ್ಟಿತು. ಐದನೇ ಫ್ಲೋರಿನವರು ನೆನಪಾದರು. ನಗು ಬಂತು. ಈ ಸಲ ಯಾರೂ ನಗಿ ಅಂದಿರಲಿಲ್ಲ. ಅಷ್ಟರಲ್ಲಿ ಭುಜಕ್ಕೆ ಯಾರೋ ತಟ್ಟಿದರು. “ಸರ್, ಟೈಮ್ ಆಯ್ತು, ಹತ್ತಿ.” ಇದು ವಿಡಿಯೋದಲ್ಲಿ ಇಲ್ಲ.

ವಾಪಸ್ ಬರುವಾಗ ಎಲ್ಲರ ಮೀನೂ ದೊಡ್ಡದಾಗುತ್ತಾ ಹೋಯಿತು. ನೀರೊಳಗೆ ಮಾಸ್ಕಿನಿಂದ ನೋಡಿದರೆ ಯಾವ ವಸ್ತುವಾದರೂ ಮೂರನೇ ಒಂದರಷ್ಟು ದೊಡ್ಡದಾಗಿಯೇ ಕಾಣುತ್ತೆ, ಅಷ್ಟಕ್ಕೆ ಯಾರನ್ನೂ ಬೈಯೋ ಹಾಗಿಲ್ಲ. ಆದರೆ ಅಂಕಲ್ ಮೊಣಕೈವರೆಗೆ ಅಳತೆ ತೋರಿಸುತ್ತಿದ್ದರು. ಅವರು ನೀರಿಗೇ ಇಳಿದಿರಲಿಲ್ಲ. ದಡದಲ್ಲಿ ಎಲ್ಲರಿಗೂ ಸರ್ಟಿಫಿಕೇಟ್ ಕೊಟ್ಟರು, ಅವರಿಗೂ. ಅದೀಗ ಫ್ರೇಮ್ ಹಾಕಿಸಿಕೊಂಡು ಅವರ ಶೋಕೇಸಿನಲ್ಲಿದೆ.

ಸಂಜೆ ಬಸ್ಸಿನಲ್ಲಿ, ಹೊನ್ನಾವರ ದಾಟಿ ಘಾಟಿ ಹತ್ತುವಾಗ ವಿಡಿಯೋಗಳು ಬಂದವು. ನನ್ನದರಲ್ಲಿ ಆಮೆ. ಖುಷಿಯಾಯಿತು, ನನಗೆ ಗೊತ್ತಿಲ್ಲದೇ ಹಿಂದೆ ಹೋಗಿರಬೇಕು ಅಂದುಕೊಂಡೆ. ಹಿಂದಿನ ಸೀಟಿನವರದರಲ್ಲೂ ಆಮೆ. ಸೆಕ್ರೆಟರಿಯದರಲ್ಲೂ. ಅಂಕಲ್ ವಿಡಿಯೋದಲ್ಲಿ ಅಂಕಲ್ ಬೋಟಿನ ಕಂಬ ತಬ್ಬಿಕೊಂಡು ಕೂತಿದ್ದಾರೆ, ಮುಂದಿನ ಕ್ಷಣವೇ ಆಮೆ. ಎಲ್ಲದರಲ್ಲೂ ಎಡದಿಂದ ಬಲಕ್ಕೆ, ಚಿಪ್ಪಿನ ಮೇಲೆ ಅದೇ ಒಂದು ಬಿಳಿ ಮಚ್ಚೆ. ಇಡೀ ಬಸ್ಸಿನಲ್ಲಿ ಒಬ್ಬರೂ ಚಕಾರ ಎತ್ತಲಿಲ್ಲ. ಎಲ್ಲರೂ ಒಬ್ಬರಿಗೊಬ್ಬರು, ಸೂಪರ್ ಸಾರ್, ನಿಮಗೆ ಆಮೆ ಸಿಕ್ತಲ್ಲ, ಲಕ್ಕಿ ನೀವು ಅಂದರು. ನಾನೂ ಅಂದೆ.

ಮನೆಗೆ ಬಂದ ಮೇಲೆ ಮಗಳು ಕೇಳಿದಳು, “ಅಪ್ಪಾ, ಆಮೆ ಕಚ್ಚಲಿಲ್ವಾ?” ಇಲ್ಲಮ್ಮ, ಸಾಧು ಪ್ರಾಣಿ ಅಂದೆ.

ಮುಂದಿನ ವರ್ಷ ಫೆಬ್ರವರಿಯಲ್ಲಿ ಶಿವಮೊಗ್ಗದ ನಮ್ಮ ಭಾವ ನೇತ್ರಾಣಿಗೆ ಹೋಗಿ ಬಂದು ಫ್ಯಾಮಿಲಿ ಗ್ರೂಪಿಗೆ ವಿಡಿಯೋ ಹಾಕಿದರು. ಕಾದು ಕೂತು ನೋಡಿದೆ. 31ನೇ ಸೆಕೆಂಡಿಗೆ ಬಂತು. ಎಡದಿಂದ ಬಲಕ್ಕೆ, ಬಿಳಿ ಮಚ್ಚೆ. ಒಂದು ವರ್ಷದ ಮೇಲೂ ಒಂಚೂರು ಸೊರಗಿಲ್ಲ. ಸೂಪರ್ ಭಾವ, ಆಮೆ ಚೆನ್ನಾಗಿದೆ ಅಂತ ಹಾಕಿದೆ. “ನಾನು ಮುಟ್ಟಿದೆ ಕಣಯ್ಯಾ ಅದನ್ನ,” ಅಂತ ಭಾವ ವಾಯ್ಸ್ ಮೆಸೇಜ್ ಕಳಿಸಿದರು.