ಲೆಕ್ಕವಿಡುವ ಬಂದೂಕು, ಮರೆಯುವ ಕೈ

ಪೊಲೀಸ್ ಇಲಾಖೆಯಲ್ಲಿ ಅತ್ಯಂತ ಪ್ರಾಮಾಣಿಕರು ಯಾರೆಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಟೇಸರ್‌ನ ಹೆಸರು ಹೇಳುತ್ತೇನೆ. ಕರೆಂಟ್ ಹೊಡೆದು ಮನುಷ್ಯನನ್ನು ಕೆಡವುವ ಈ ಸ್ಟನ್ ಗನ್, ತನ್ನ ಟ್ರಿಗರನ್ನು ಯಾವ ದಿನ, ಎಷ್ಟು ಹೊತ್ತಿಗೆ ಒತ್ತಲಾಯಿತು, ಎಷ್ಟು ಸೆಕೆಂಡು ಒತ್ತಿ ಹಿಡಿಯಲಾಯಿತು ಎಂಬುದನ್ನೆಲ್ಲ ಹೊಟ್ಟೆಯೊಳಗಿನ ಚಿಪ್‌ನಲ್ಲಿ ತಾನೇ ಬರೆದಿಟ್ಟುಕೊಳ್ಳುತ್ತದೆ. ಅಷ್ಟಕ್ಕೇ ಸಮಾಧಾನವಾಗದೆ, ಅದರ ಅನೇಕ ಮಾದರಿಗಳು ಕಾರ್ಟ್ರಿಜ್ ಸಿಡಿದಾಗಲೆಲ್ಲ ಇಪ್ಪತ್ತು ಮೂವತ್ತು ಪುಟ್ಟ ಬಿಲ್ಲೆಗಳನ್ನು ಅಕ್ಷತೆಯಂತೆ ನೆಲದ ಮೇಲೆ ಚೆಲ್ಲುತ್ತವೆ. ಪ್ರತಿ ಬಿಲ್ಲೆಯ ಮೇಲೂ ಆ ಕಾರ್ಟ್ರಿಜ್‌ನ ಕ್ರಮಸಂಖ್ಯೆ ಮುದ್ರಿತವಾಗಿರುತ್ತದೆ. ಮಾಡಿದ ಕೆಲಸಕ್ಕೆ ಯಾರೂ ಕೇಳದೆಯೇ ರಸೀದಿ ಕೊಡುವ ಇಂಥ ಇನ್ನೊಬ್ಬ ನೌಕರನನ್ನು ಯಾವ ದೇಶದ ಯಾವ ಠಾಣೆಯಲ್ಲೂ ನಾನು ಕಾಣೆ.

ಹುಟ್ಟಿನಿಂದಲೇ ಈ ಆಯುಧಕ್ಕೆ ಕಥೆಗಳ ನಂಟಿದೆ. ಅಮೆರಿಕದ ಅಪೋಲೊ ಯೋಜನೆಯಲ್ಲಿ ದುಡಿದಿದ್ದ ಭೌತವಿಜ್ಞಾನಿ ಜ್ಯಾಕ್ ಕವರ್ ಇದನ್ನು 1970ರ ದಶಕದಲ್ಲಿ ರೂಪಿಸಿದಾಗ, 1911ರಲ್ಲಿ ಪ್ರಕಟವಾದ ಮಕ್ಕಳ ಸಾಹಸಕಥೆಯೊಂದರ ನಾಯಕ ಬಳಸುವ ವಿದ್ಯುತ್ ಬಂದೂಕಿನ ಹೆಸರನ್ನು ಮೊಟಕುಗೊಳಿಸಿ ಇದಕ್ಕೆ ಇಟ್ಟರು. ಕಟ್ಟುಕಥೆಯಿಂದ ಹೆಸರು ಪಡೆದ ವಸ್ತುವಿನ ಸುತ್ತ ಮುಂದೆ ಎಷ್ಟೆಷ್ಟು ಕಟ್ಟುಕಥೆಗಳು ಹುಟ್ಟಿಕೊಂಡಾವು ಎಂಬುದು ಆಗ ಅವರಿಗೆ ಹೊಳೆದಿರಲಾರದು. ಕೆಲಸದ ವಿಧಾನವೇನೋ ಸರಳ. ಮುಳ್ಳುಮೊನೆಯ ಎರಡು ಬಾಣಗಳು ತೆಳು ತಂತಿಗಳನ್ನು ಎಳೆದುಕೊಂಡು ಹೋಗಿ ಮೈಗೆ ನಾಟುತ್ತವೆ. ಬಹುಕಾಲ ಬಳಕೆಯಲ್ಲಿದ್ದ ಎಕ್ಸ್26 ಎಂಬ ಮಾದರಿಯಲ್ಲಿ ಸೆಕೆಂಡಿಗೆ ಸುಮಾರು 19 ಸಲ ವಿದ್ಯುತ್ತಿನ ಮಿಡಿತ ಹರಿದು, ಸ್ನಾಯುಗಳೆಲ್ಲ ಸೆಟೆದು, ಮನುಷ್ಯ ಕಡಿದ ಬಾಳೆಯ ಗಿಡದಂತೆ ಉರುಳುತ್ತಾನೆ. ಒಮ್ಮೆ ಒತ್ತಿದರೆ 5 ಸೆಕೆಂಡು ಹರಿದು ತಾನಾಗಿ ನಿಲ್ಲುತ್ತದೆ, ಬೆರಳು ತೆಗೆಯದಿದ್ದರೆ ಮಾತ್ರ ಮುಂದುವರಿಯುತ್ತದೆ. ಅಂದರೆ ಯಂತ್ರಕ್ಕೆ 5 ಸೆಕೆಂಡು ಸಾಕು, ಸಾಲದೆನಿಸುವುದು ಬೆರಳಿಗೆ.

ಮೊದಲು ಇದನ್ನು ‘ಮಾರಕವಲ್ಲದ ಆಯುಧ’ ಎಂದು ಪರಿಚಯಿಸಲಾಗುತ್ತಿತ್ತು. ವರ್ಷಗಳು ಕಳೆದಂತೆ, ಹೆಚ್ಚು ಸದ್ದುಗದ್ದಲವಿಲ್ಲದೆ, ಅದು ‘ಕಡಿಮೆ ಮಾರಕ ಆಯುಧ’ವಾಯಿತು. ಮರಣದಲ್ಲಿಯೂ ಹೆಚ್ಚು ಕಡಿಮೆ ಎಂಬ ದರ್ಜೆಗಳಿವೆಯೆಂಬುದು ಯಮಧರ್ಮನಿಗೂ ತಿಳಿಯದ ಸಂಗತಿ. ಅಮೆರಿಕದಲ್ಲಿ ಪೊಲೀಸರು ಟೇಸರ್ ಬಳಸಿದ ನಂತರ ಸಂಭವಿಸಿದ ಸಾವಿರಕ್ಕೂ ಹೆಚ್ಚು ಸಾವುಗಳನ್ನು ರಾಯಿಟರ್ಸ್ ಸುದ್ದಿಸಂಸ್ಥೆ 2017ರಲ್ಲಿ ದಾಖಲಿಸಿತು. ಅಷ್ಟೂ ಸಾವುಗಳಿಗೆ ಟೇಸರ್ ಒಂದೇ ಕಾರಣವೆಂದು ಆ ಸಂಸ್ಥೆ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಬಹುಪಾಲು ಪ್ರಕರಣಗಳಲ್ಲಿ ಬೇರೆ ಬಲಪ್ರಯೋಗವೂ ನಡೆದಿತ್ತು. ಆದರೆ ಅವರಲ್ಲಿ ಯಾರೂ ‘ಕಡಿಮೆ’ ಸತ್ತಿರಲಿಲ್ಲ.

ಗುಂಡು ಹಾರಬೇಕಾದ ಕಡೆ ಕರೆಂಟು ಹರಿದು ಒಂದು ಜೀವ ಉಳಿದರೆ ಅದು ಸಣ್ಣ ಮಾತಲ್ಲ, ಹಾಗೆ ಉಳಿದವರೂ ಇದ್ದಾರೆ. ಆದರೆ ಪಿಸ್ತೂಲಿನ ಬದಲಿಗೆಂದು ತಂದ ವಸ್ತು ಯಾವಾಗ ಮಾತಿನ ಬದಲಿಗೆ ಬಳಕೆಯಾಗತೊಡಗಿತು ಎಂಬುದಕ್ಕೆ ಸರ್ಕಾರದ ಯಾವ ಆದೇಶವೂ ಸಿಗುವುದಿಲ್ಲ. ಇಂಗ್ಲೆಂಡಿನ ಲ್ಯಾಂಕಷೈರ್‌ನಲ್ಲಿ, ಖಡ್ಗ ಹಿಡಿದ ವ್ಯಕ್ತಿಯೊಬ್ಬ ಓಡಾಡುತ್ತಿದ್ದಾನೆಂಬ ದೂರು ಬಂದಿದ್ದ ಒಂದು ದಿನ, 2012ರ ಅಕ್ಟೋಬರ್‌ನಲ್ಲಿ, ಪೊಲೀಸರೊಬ್ಬರು ಬಿಳಿಕೋಲು ಹಿಡಿದು ನಡೆದು ಹೋಗುತ್ತಿದ್ದ 61 ವರ್ಷದ ಅಂಧರೊಬ್ಬರಿಗೆ ಹಿಂದಿನಿಂದ ಟೇಸರ್ ಹೊಡೆದರು. ಕೋಲು ಅವರಿಗೆ ಜಪಾನಿನ ಸಮುರಾಯ್ ಖಡ್ಗದಂತೆ ಕಂಡಿತ್ತಂತೆ. ಹಗ್ಗವನ್ನು ಹಾವೆಂದು ಭ್ರಮಿಸುವುದನ್ನು ನಮ್ಮ ವೇದಾಂತಿಗಳು ರಜ್ಜುಸರ್ಪ ನ್ಯಾಯವೆಂದು ಕರೆದು ನೂರಾರು ವರ್ಷಗಳಿಂದ ವಿವರಿಸುತ್ತ ಬಂದಿದ್ದಾರೆ. ಆದರೆ ಅವರ ಯಾವ ಭಾಷ್ಯದಲ್ಲಿಯೂ ಭ್ರಮಿಸಿದವನು ಹಗ್ಗಕ್ಕೆ ಕರೆಂಟು ಕೊಡುವ ಪ್ರಸಂಗ ಬರುವುದಿಲ್ಲ. ಆ ಊರಿನಲ್ಲಿ ನೋಡುವ ಶಕ್ತಿ ಇಲ್ಲದಿದ್ದವರು ಯಾರು ಎಂಬ ಪ್ರಶ್ನೆಯನ್ನು ನಾನು ಎತ್ತುವುದಿಲ್ಲ. ಇನ್ನು 2017ರ ಜನವರಿಯಲ್ಲಿ ಬ್ರಿಸ್ಟಲ್ ನಗರದ ಪೊಲೀಸರು, ಬೇಕಾಗಿದ್ದ ಇನ್ನಾರೋ ಎಂದು ಭಾವಿಸಿ, 63 ವರ್ಷದ ಕಪ್ಪುವರ್ಣೀಯ ಹಿರಿಯರೊಬ್ಬರ ಮುಖಕ್ಕೆ ಅವರ ಮನೆಯ ಹತ್ತಿರವೇ ಟೇಸರ್ ಹೊಡೆದರು. ಜನಾಂಗೀಯ ಸಂಬಂಧಗಳ ಬಗ್ಗೆ ಅದೇ ಪೊಲೀಸರಿಗೆ ಸಲಹೆ ಕೊಡುತ್ತಿದ್ದವರು ಅವರು. ಕೊಟ್ಟ ಸಲಹೆ ಎಷ್ಟರಮಟ್ಟಿಗೆ ನಾಟಿದೆ ಎಂಬುದನ್ನು ಅಷ್ಟು ಹತ್ತಿರದಿಂದ ಅನುಭವಿಸಿದ ಸಲಹೆಗಾರರು ವಿರಳ.

ಕೆನಡಾದ ವ್ಯಾಂಕೂವರ್ ವಿಮಾನ ನಿಲ್ದಾಣದ ಪ್ರಕರಣದಲ್ಲಿ ಆಯುಧವೊಂದು ಕೈಗೆ ಸಿಕ್ಕಿತ್ತು: ಕಾಗದಕ್ಕೆ ಪಿನ್ನು ಹೊಡೆಯುವ ಸ್ಟೇಪ್ಲರ್. ಇಂಗ್ಲಿಷ್ ಬಾರದ, ಪೋಲೆಂಡಿನಿಂದ ಬಂದಿಳಿದಿದ್ದ 40 ವರ್ಷದ ವ್ಯಕ್ತಿ ದಿಕ್ಕು ತೋಚದೆ ಸುಮಾರು ಹತ್ತು ಗಂಟೆ ಅಲ್ಲಿಯೇ ಕಳೆದು, ಕಂಗೆಟ್ಟು ಕುರ್ಚಿ ಮೇಜುಗಳನ್ನು ಎಳೆದಾಡತೊಡಗಿದ್ದ. 2007ರ ಅಕ್ಟೋಬರ್ 14ರಂದು ನಾಲ್ವರು ಪೊಲೀಸರು ಅವನೆದುರು ಬಂದು ನಿಂತ ಅರ್ಧ ನಿಮಿಷದೊಳಗೆ ಮೊದಲ ಟೇಸರ್ ಹಾರಿತು. ಒಟ್ಟು ಐದು ಸಲ ಹಾರಿತು. ಆತ ಅಲ್ಲಿಯೇ ಸತ್ತ. ಮಗನನ್ನು ಕರೆದೊಯ್ಯಲು ಬಂದಿದ್ದ ತಾಯಿ ಅದೇ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾದು ಮನೆಗೆ ಮರಳಿದ್ದರು. ಸ್ಟೇಪ್ಲರ್ ಹಿಡಿದವನಿಂದ ನಾಲ್ವರಿಗೂ ಜೀವಭಯವಾಯಿತೆಂಬ ವಿವರಣೆ ಬಹುಶಃ ಹಾಗೆಯೇ ಕಡತ ಸೇರುತ್ತಿತ್ತು, ಪ್ರಯಾಣಿಕನೊಬ್ಬ ತನ್ನ ಕ್ಯಾಮೆರಾದಲ್ಲಿ ಎಲ್ಲವನ್ನೂ ಚಿತ್ರಿಸಿಕೊಳ್ಳದೆ ಹೋಗಿದ್ದರೆ. ಟೇಸರ್ ಬಳಕೆ ಸಮರ್ಥನೀಯವಾಗಿರಲಿಲ್ಲವೆಂದು ವಿಚಾರಣಾ ಆಯೋಗ 2010ರಲ್ಲಿ ಹೇಳಿತು. ಮುಂದೆ ನಾಲ್ವರಲ್ಲಿ ಇಬ್ಬರಿಗೆ ಜೈಲು ಶಿಕ್ಷೆಯೂ ಆಯಿತು, ಆದರೆ ಅದು ಕೊಂದದ್ದಕ್ಕೆ ಆದ ಶಿಕ್ಷೆಯಲ್ಲ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ಆದದ್ದು. ಕಾನೂನು ಎಲ್ಲವನ್ನೂ ಸಹಿಸೀತು, ಕಥೆಯ ಹೆಣಿಗೆ ಸರಿಯಿಲ್ಲದಿದ್ದರೆ ಸಹಿಸುವುದಿಲ್ಲ.

ಹೆಣಿಗೆಯಲ್ಲಿ ಪಳಗಿದವರು ಆಸ್ಟ್ರೇಲಿಯಾದವರು. ನ್ಯೂ ಸೌತ್ ವೇಲ್ಸ್ ರಾಜ್ಯದ ಕೂಮಾ ಎಂಬ ಊರಿನ ವೃದ್ಧಾಶ್ರಮವೊಂದರಲ್ಲಿ, 2023ರ ಮೇ 17ರ ನಸುಕಿನಲ್ಲಿ, ಮರೆವಿನ ಕಾಯಿಲೆಯಿಂದ ಬಳಲುತ್ತಿದ್ದ 95 ವರ್ಷದ ಅಜ್ಜಿಯೊಬ್ಬರು ಅಡುಗೆಮನೆಯ ಚಾಕು ಹಿಡಿದು, ನಡೆಯಲು ಆಸರೆಯಾದ ಚೌಕಟ್ಟನ್ನು ತಳ್ಳಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಎಣಿಸುತ್ತ ಬರುತ್ತಿದ್ದರು. ಅವರ ತೂಕ ಐವತ್ತು ಕಿಲೋ ಕೂಡ ಇರಲಿಲ್ಲ. ಚಾಕು ಕೆಳಗಿಡಿರೆಂದು ಕೆಲವು ಸಲ ಹೇಳಿ ನೋಡಿದ ಪೊಲೀಸ್ ಅಧಿಕಾರಿ, ಕೊನೆಗೆ ಹಾಳಾಗಿ ಹೋಗಲಿ ಎಂಬರ್ಥದ ಉದ್ಗಾರವೊಂದನ್ನು ತೆಗೆದು ಟೇಸರ್ ಹೊಡೆದರು. ಅಜ್ಜಿ ಹಿಂದಕ್ಕೆ ಬಿದ್ದು, ತಲೆಗೆ ಪೆಟ್ಟಾಗಿ, ಒಂದು ವಾರದಲ್ಲಿ ತೀರಿಕೊಂಡರು. ಪೊಲೀಸರ ಮೊದಲ ಪತ್ರಿಕಾ ಪ್ರಕಟಣೆಯಲ್ಲಿ ಟೇಸರ್ ಎಂಬ ಪದವೇ ಇರಲಿಲ್ಲ; ಪೊಲೀಸರೊಂದಿಗಿನ ಒಡನಾಟದ ವೇಳೆ ವೃದ್ಧೆಗೆ ಗಾಯಗಳಾದವು ಎಂಬಷ್ಟೇ ಅದರ ಸಾರ. ಶಾಲೆಯಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗಗಳನ್ನು ಕಲಿತವರೆಲ್ಲರೂ ಈ ವಾಕ್ಯವನ್ನು ಭಕ್ತಿಯಿಂದ ಓದಬೇಕು. ಗಾಯಗಳು ಆದವು, ಮಳೆ ಆದಂತೆ, ಸಂಜೆ ಆದಂತೆ. ಮಾಡಿದವರು ಯಾರೂ ಇಲ್ಲ. ಕರ್ತೃಪದ ನಾಪತ್ತೆಯಾಗಿದೆ, ಹುಡುಕಿಕೊಡಿರೆಂದು ದೂರು ಕೊಡೋಣವೆಂದರೆ ಅದೇ ಠಾಣೆಗೇ ಹೋಗಬೇಕು. ಅಧಿಕಾರಿಗಳ ಎದೆಯ ಮೇಲಿದ್ದ ಕ್ಯಾಮೆರಾ ನಡೆದುದೆಲ್ಲವನ್ನೂ ಕಂಡಿತ್ತು, ಆದರೆ ತಾವು ಆ ದೃಶ್ಯವನ್ನು ನೋಡಿಲ್ಲ, ನೋಡುವ ಉದ್ದೇಶವೂ ಇಲ್ಲ ಎಂದು ರಾಜ್ಯದ ಪೊಲೀಸ್ ಮುಖ್ಯಸ್ಥರು ಆಗ ಹೇಳಿದರು. ನೋಡಲೆಂದೇ ತಂದ ಕ್ಯಾಮೆರಾ ತನ್ನ ಪಾಲಿನ ಕೆಲಸ ಮಾಡಿತ್ತಷ್ಟೆ. ಹೊಡೆದ ಅಧಿಕಾರಿಯ ಮೇಲಿನ ನರಹತ್ಯೆಯ ಆರೋಪ 2024ರ ನವೆಂಬರ್‌ನಲ್ಲಿ ಸಾಬೀತಾಯಿತು. ಮರುವರ್ಷ ಸಿಕ್ಕ ಶಿಕ್ಷೆ ಜೈಲಿಲ್ಲದ ಎರಡು ವರ್ಷಗಳ ನಿಗಾ ಮತ್ತು 425 ಗಂಟೆಗಳ ಸಮುದಾಯ ಸೇವೆ. ಮೂಲತಃ ಪೊಲೀಸರ ನೌಕರಿಯೇ ಸಮುದಾಯ ಸೇವೆಯೆಂದು ನಾನು ತಿಳಿದಿದ್ದೆ. ಅದು ಶಿಕ್ಷೆಯ ರೂಪದಲ್ಲಿಯೂ ದೊರೆಯುತ್ತದೆಂಬುದು ಹೊಸ ಮಾಹಿತಿ.

ಯಂತ್ರದ ಪ್ರಾಮಾಣಿಕತೆ ಫಲ ಕೊಟ್ಟ ಉದಾಹರಣೆಯೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಒಂದು ಕಾಲದಲ್ಲಿ ಆಸ್ಟನ್ ವಿಲ್ಲಾ ಫುಟ್‌ಬಾಲ್ ತಂಡದ ಆಟಗಾರರಾಗಿದ್ದ ಡೇಲಿಯನ್ ಅಟ್ಕಿನ್ಸನ್ 2016ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಟೆಲ್ಫರ್ಡ್‌ನಲ್ಲಿ ಸತ್ತಾಗ, ಅವರ ಮೇಲೆ ಟೇಸರ್ 33 ಸೆಕೆಂಡುಗಳ ಕಾಲ ಎಡೆಬಿಡದೆ ಹರಿದದ್ದು ನ್ಯಾಯಾಲಯದ ಮುಂದೆ ಬಂತು. 5 ಸೆಕೆಂಡಿನ ವಾಡಿಕೆಯ ಆರು ಪಟ್ಟಿಗೂ ಮೀರಿದ ಅವಧಿ ಅದು. ಟೇಸರ್ ಹೊಡೆದ ಪೊಲೀಸ್ ಅಧಿಕಾರಿ ಅವರ ತಲೆಗೆ ಒದ್ದಿದ್ದರು ಕೂಡ; ಬೂಟುಗಳೊಳಗೆ ಚಿಪ್ ಇಲ್ಲದ ಕಾರಣ ಆ ಲೆಕ್ಕವನ್ನು ಬೇರೆ ಸಾಕ್ಷಿಗಳಿಂದ ಸಂಗ್ರಹಿಸಬೇಕಾಯಿತು. 2021ರಲ್ಲಿ ಆ ಅಧಿಕಾರಿಗೆ ನರಹತ್ಯೆಗಾಗಿ ಎಂಟು ವರ್ಷಗಳ ಶಿಕ್ಷೆಯಾಯಿತು. ಕರ್ತವ್ಯದಲ್ಲಿದ್ದಾಗ ಎಸಗಿದ ನರಹತ್ಯೆಗಾಗಿ ಬ್ರಿಟನ್ನಿನ ಪೊಲೀಸರೊಬ್ಬರು ಅಪರಾಧಿಯೆನಿಸಿದ್ದು ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅದೇ ಮೊದಲು.

ಸಾಕ್ಷಿ ಇಷ್ಟು ಖಚಿತವಾಗಿದ್ದರೆ ತಪ್ಪಿಸಿಕೊಳ್ಳುವ ದಾರಿಯೂ ಅಷ್ಟೇ ಜಾಣತನದ್ದಾಗಿರಬೇಕಷ್ಟೆ. ಹಾಗೆ ಬಳಕೆಗೆ ಬಂದದ್ದು ಒಂದು ಕಾಯಿಲೆ. ವಿಪರೀತ ಉದ್ರೇಕದಿಂದಲೇ ಮನುಷ್ಯ ಸತ್ತನೆಂದು ಹೇಳುವ ಅದಕ್ಕೆ ಇಂಗ್ಲಿಷಿನಲ್ಲಿ ಎಕ್ಸೈಟೆಡ್ ಡೆಲಿರಿಯಮ್ ಎಂದು ಹೆಸರು, ಉದ್ರೇಕದ ಸನ್ನಿ ಎಂದು ಕನ್ನಡಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದು ಇಲ್ಲ. ಆದರೂ ಪೊಲೀಸರ ಹಿಡಿತದಲ್ಲಿ ಸತ್ತವರಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಸೊಳ್ಳೆಯಿಂದಲ್ಲ, ನೀರಿನಿಂದಲ್ಲ, ಸಮವಸ್ತ್ರದ ಸಾಮೀಪ್ಯದಿಂದ ಹರಡುವ ಕಾಯಿಲೆ. 2009ರಲ್ಲಿ ಅದನ್ನು ಮಾನ್ಯ ಮಾಡಿ ವರದಿ ಬರೆದಿದ್ದ ಅಮೆರಿಕದ ತುರ್ತುಚಿಕಿತ್ಸಾ ವೈದ್ಯರ ಸಂಘವೇ 2023ರಲ್ಲಿ ಆ ವರದಿಯನ್ನು ಹಿಂದಕ್ಕೆ ಪಡೆಯಿತು, ಅದೇ ವರ್ಷ ಕ್ಯಾಲಿಫೋರ್ನಿಯಾ ರಾಜ್ಯ ಅದನ್ನು ಸಾವಿನ ಕಾರಣವಾಗಿ ನಮೂದಿಸುವುದನ್ನು ನಿಷೇಧಿಸಿತು. ಕಾಯಿಲೆ ಗುಣವಾಯಿತು, ರೋಗಿಗಳು ಮಾತ್ರ ಎದ್ದು ಬರಲಿಲ್ಲ. ಇನ್ನೂ ನೇರವಾದ ಮಾರ್ಗವನ್ನು ಟೇಸರ್ ತಯಾರಿಸುವ ಕಂಪನಿಯೇ ಅದಕ್ಕೂ ಮೊದಲು ತೋರಿಸಿಕೊಟ್ಟಿತ್ತು: ಓಹಿಯೊ ರಾಜ್ಯದಲ್ಲಿ ಮೂವರ ಮರಣದ ದಾಖಲೆಗಳಲ್ಲಿ ಟೇಸರ್‌ನ ಉಲ್ಲೇಖ ಬಂದಾಗ, ಶವಪರೀಕ್ಷೆ ನಡೆಸುವ ಕಚೇರಿಯ ವಿರುದ್ಧವೇ ಮೊಕದ್ದಮೆ ಹೂಡಿ, 2008ರಲ್ಲಿ ಆ ಉಲ್ಲೇಖಗಳನ್ನು ಅಳಿಸುವಂತೆ ನ್ಯಾಯಾಧೀಶರಿಂದ ಆದೇಶ ತಂದಿತು.

ಆ ಕಂಪನಿಯ ವ್ಯಾಪಾರಜ್ಞಾನಕ್ಕೆ ತಲೆಬಾಗಲೇಬೇಕು. 2017ರಲ್ಲಿ ಅದು ಟೇಸರ್ ಇಂಟರ್‌ನ್ಯಾಷನಲ್ ಎಂಬ ಹೆಸರನ್ನು ಕಳಚಿ, ನರತಂತುವಿನ ಹೆಸರಾದ ಆಕ್ಸಾನ್ ಎಂಬುದನ್ನು ಧರಿಸಿತು. ಈಗ ಪೊಲೀಸರಿಗೆ ಹೊಡೆಯುವ ಆಯುಧವನ್ನು ಮಾರುವುದು ಅದು, ಹೊಡೆದದ್ದನ್ನು ನೋಡುವ ಎದೆಯ ಕ್ಯಾಮೆರಾವನ್ನು ಮಾರುವುದು ಅದು, ಆ ದೃಶ್ಯಗಳನ್ನು ಕಾಪಿಡುವ ಆನ್‌ಲೈನ್ ಉಗ್ರಾಣವನ್ನು ಬಾಡಿಗೆಗೆ ಕೊಡುವುದೂ ಅದೇ. ಗಾಯ, ಸಾಕ್ಷಿ, ದಾಖಲೆ ಮೂರೂ ಒಂದೇ ಅಂಗಡಿಯಲ್ಲಿ ಸಿಗುತ್ತಿರುವಾಗ ಹೊಣೆಗಾರಿಕೆ ಇಲ್ಲವೆಂದು ಗೊಣಗುವುದು ಕೃತಘ್ನತೆ. ಅದಕ್ಕೊಂದು ನೀತಿ ಮಂಡಳಿಯೂ ಇತ್ತು. ಟೆಕ್ಸಸ್‌ನ ಶಾಲೆಯೊಂದರಲ್ಲಿ ಮಕ್ಕಳ ಹತ್ಯೆ ನಡೆದ ಕೆಲವೇ ದಿನಗಳಲ್ಲಿ, 2022ರ ಜೂನ್‌ನಲ್ಲಿ, ಶಾಲೆಗಳ ಕಾವಲಿಗೆ ಟೇಸರ್ ಹೊತ್ತ ಡ್ರೋನ್‌ಗಳನ್ನು ತಯಾರಿಸುವುದಾಗಿ ಕಂಪನಿ ಪ್ರಕಟಿಸಿದಾಗ, ಆ ಮಂಡಳಿಯ 12 ಸದಸ್ಯರಲ್ಲಿ 9 ಮಂದಿ ರಾಜೀನಾಮೆ ಕೊಟ್ಟು ಎದ್ದು ಹೋದರು. ಯೋಜನೆಯನ್ನು ಆಗಿನ ಮಟ್ಟಿಗೆ ತಡೆಹಿಡಿಯಲಾಯಿತು.

ಇನ್ನು ಉಳಿದದ್ದು ನೆಲದ ಮೇಲೆ ಚೆಲ್ಲಿದ ಆ ಪುಟ್ಟ ಬಿಲ್ಲೆಗಳು. ಗಲಾಟೆ ತಣ್ಣಗಾಗಿ, ಬಿದ್ದವರನ್ನು ಸಾಗಿಸಿದ ಮೇಲೆ, ಅವುಗಳನ್ನು ಸಾಕ್ಷಿಯೆಂದು ಹೆಕ್ಕಿ, ಚೀಲಕ್ಕೆ ಹಾಕಿ, ಮೊಹರು ಒತ್ತಬೇಕು. ಬಗ್ಗಿ ಹೆಕ್ಕುವವರು ಪೊಲೀಸರು. ಎಷ್ಟು ಸಿಕ್ಕವೆಂದು ಬರೆದುಕೊಳ್ಳುವವರೂ ಅವರೇ.