ಲಿಪಿ ಹೋದರೂ ಉಳಿದ ಉದಿ ಮಾತು

ಲಿಪಿ ಇದ್ದರೇನೇ ಭಾಷೆ ಉಳಿಯೋದು ಅಂತ ವಾದ ಮಾಡುವವರು ಒಮ್ಮೆ ಉದಿ ಭಾಷೆಯ ಕಥೆ ಕೇಳಬೇಕು.

ಅಜರ್‌ಬೈಜಾನ್‌ನ ಉತ್ತರದಲ್ಲಿ, ಕಾಕಸಸ್ ಬೆಟ್ಟಗಳ ಬುಡಕ್ಕೆ ನಿಜ್ ಅಂತ ಒಂದು ಊರಿದೆ. ಉದಿ ಜನ ಒಟ್ಟಾಗಿ ಬದುಕುವ ದೊಡ್ಡ ಊರು ಅದೇ. 2009ರ ಜನಗಣತಿಯ ಪ್ರಕಾರ ಆ ದೇಶದಲ್ಲಿ ಅವರು ಸುಮಾರು 3,800 ಮಂದಿ. ಸುತ್ತ ಇರುವವರು ಹೆಚ್ಚಾಗಿ ಮುಸ್ಲಿಮರು, ಆಡುವುದು ತುರ್ಕಿ ಬಳಗದ ಅಜರ್‌ಬೈಜಾನಿ. ಇವರು ಕ್ರೈಸ್ತರು. ಭಾಷೆಯೂ ಬೇರೆ, ಪಕ್ಕದ ರಷ್ಯಾದ ಡಾಗೆಸ್ತಾನ್ ಕಡೆಯ ಲೆಜ್ಗಿ ಭಾಷೆಗಳ ಗುಂಪಿನದು.

ಇವರ ಹಿರಿಯರ ನಾಡು ಕಾಕಸಸ್‌ನ ಅಲ್ಬೇನಿಯಾ. (ಯುರೋಪಿನ ಅಲ್ಬೇನಿಯಾಗೂ ಇದಕ್ಕೂ ಹೆಸರು ಬಿಟ್ಟರೆ ಯಾವ ನಂಟೂ ಇಲ್ಲ.) 5ನೇ ಶತಮಾನದಲ್ಲೇ ಅಲ್ಲಿ 52 ಅಕ್ಷರಗಳ ಸ್ವಂತ ಲಿಪಿ ಹುಟ್ಟಿತ್ತು. ಆಮೇಲೆ ರಾಜ್ಯ ಹೋಯಿತು, ಲಿಪಿಯೂ ಹೋಯಿತು. ಎಷ್ಟರ ಮಟ್ಟಿಗೆ ಅಂದರೆ, 1937ರಲ್ಲಿ ಒಂದು ಅರ್ಮೇನಿಯನ್ ಹಸ್ತಪ್ರತಿಯಲ್ಲಿ ಅಕ್ಷರಮಾಲೆ ಸಿಗುವವರೆಗೆ ಅದು ನೋಡಲು ಹೇಗಿತ್ತು ಅಂತಲೇ ಗೊತ್ತಿರಲಿಲ್ಲ. 1996ರಲ್ಲಿ ಜಾರ್ಜಿಯಾದ ವಿದ್ವಾಂಸ ಜಾಜಾ ಅಲೆಕ್ಸಿಡ್ಜೆ, ಈಜಿಪ್ಟಿನ ಸಿನಾಯ್‌ನಲ್ಲಿರುವ ಸೇಂಟ್ ಕ್ಯಾಥರೀನ್ ಮಠದ ಹಸ್ತಪ್ರತಿಗಳಲ್ಲಿ ಆ ಲಿಪಿಯನ್ನು ಗುರುತಿಸಿದರು. ಚರ್ಮದ ಹಾಳೆ ದುಬಾರಿ ಅಲ್ವಾ, ಹಳೆಯ ಬರಹ ಅಳಿಸಿ ಅದರ ಮೇಲೇ ಜಾರ್ಜಿಯನ್‌ನಲ್ಲಿ ಬರೆದುಬಿಟ್ಟಿದ್ದರು!

ಅಕ್ಷರ ಸಿಕ್ಕರೆ ಸಾಲದು, ಅರ್ಥ ಆಗಬೇಕಲ್ಲ. ಅಲ್ಲಿ ನೆರವಿಗೆ ಬಂದದ್ದು ಇವತ್ತಿನ ಉದಿ. ಆ ಹಾಳೆಗಳಲ್ಲಿದ್ದದ್ದು ಉದಿಯ ಹಳೆಯ ರೂಪ, ಇಲ್ಲವೇ ಅದಕ್ಕೆ ತೀರಾ ಹತ್ತಿರದ ಭಾಷೆ. ಓದಿದ ಕೀರ್ತಿ ವಿದ್ವಾಂಸರಿಗೆ ಸಲ್ಲಲಿ, ಬೇಡ ಅನ್ನಲ್ಲ. ಆದರೆ ಶತಮಾನಗಟ್ಟಲೆ ಲಿಪಿಯ ಆಸರೆ ಇಲ್ಲದೆ ಮಕ್ಕಳ ಜೊತೆ ಅದೇ ಮಾತಾಡುತ್ತಾ ಬಂದ ತಾಯಂದಿರ ಪಾಲು ಅದರಲ್ಲಿ ಜಾಸ್ತಿ ಅಂತ ನನಗನ್ನಿಸುತ್ತೆ.

ಭಾಷೆಯಾದರೂ ಎಂಥದ್ದು! ಗಂಟಲು ಬಿಗಿಹಿಡಿದು ಹೇಳುವ ಸ್ವರಗಳಿವೆ. ಅದಕ್ಕಿಂತ ಮಜಾ ಕ್ರಿಯಾಪದದ್ದು. ಕನ್ನಡದಲ್ಲಿ ‘ಪಡೆದೆನು’ ಅಂದಾಗ ‘ನಾನು’ ಅನ್ನುವ ಗುರುತು ಕೊನೆಗೆ ಅಂಟುತ್ತೆ. ಉದಿಯಲ್ಲಿ ಅದು ಧಾತುವಿನ ಹೊಟ್ಟೆಯೊಳಗೇ ನುಗ್ಗಬಲ್ಲದು. ‘ಅಕ್’ ಅಂದರೆ ಪಡೆ. ‘ಕಗುಜಖ್ ಅಜ್‌ಕೆ’ ಅಂದರೆ ಕಾಗದ ಪಡೆದೆ. ಅ-ಕ್ ನಡುವೆ ಕೂತಿರುವ ‘ಜ್’ ಇದೆಯಲ್ಲ, ಅದೇ ‘ನಾನು’. (ಕಗುಜ್ ನಮ್ಮ ಕಾಗದದ ನೆಂಟನೇ.) ಒಂದು ಪದವನ್ನು ಹೀಗೆ ಸೀಳಿಕೊಂಡು ಇನ್ನೊಂದು ಒಳಗೆ ಹೋಗೋದು ಸಾಧ್ಯವೇ ಇಲ್ಲ ಅಂತಿದ್ದ ಭಾಷಾಶಾಸ್ತ್ರಜ್ಞರಿಗೆ ಉದಿ ತಲೆನೋವಾಯಿತು. ಅಮೆರಿಕದ ಭಾಷಾಶಾಸ್ತ್ರಜ್ಞೆ ಆಲಿಸ್ ಹ್ಯಾರಿಸ್ 2002ರಲ್ಲಿ ಇದರ ಮೇಲೇ ಇಡೀ ಪುಸ್ತಕ ತಂದರು.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಅಲ್ಬೇನಿಯಾದ ಹಳೆಯ ಚರ್ಚುಗಳು ಯಾರ ಆಸ್ತಿ ಅಂತ ಅಜರ್‌ಬೈಜಾನ್, ಅರ್ಮೇನಿಯಾ ಕಿತ್ತಾಡುತ್ತಲೇ ಇವೆ. ಅದೇ ಎರಡು ದೇಶಗಳ ಜಗಳದಲ್ಲಿ, 1980ರ ದಶಕದ ಕೊನೆಗೆ, ವರ್ತಾಶೆನ್ ಊರಿನ ಉದಿಗಳಲ್ಲಿ ಹೆಚ್ಚಿನವರು ಮನೆ ಬಿಟ್ಟು ಹೋಗಬೇಕಾಯಿತು. ಊರಿನ ಹೆಸರೂ ಈಗ ಓಗುಜ್. ಇವತ್ತು ರಷ್ಯಾದಲ್ಲೂ ಸಾವಿರಗಟ್ಟಲೆ ಉದಿಗಳಿದ್ದಾರೆ, ಅವರ ಮಕ್ಕಳು ಶಾಲೆಯಲ್ಲಿ ಕಲಿಯುವುದು ರಷ್ಯನ್.